ಊರು ಹೊರಗಟ್ಟಿದವನ ಹಾಡು, ಊರೇ ನಡೆಸಿದ ಉತ್ಸವ

1941ರ ಬೇಸಿಗೆ. ಯುರೋಪು ಯುದ್ಧದಲ್ಲಿ ಉರಿಯುತ್ತಿತ್ತು. ಅಲ್ಲಿಂದ ಬಹುದೂರ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, 27 ವರ್ಷದ ಇಂಗ್ಲಿಷ್ ಸಂಗೀತಗಾರನೊಬ್ಬ ಬಿಬಿಸಿಯ 'ದಿ ಲಿಸನರ್' ಪತ್ರಿಕೆಯ ಹಳೆಯ ಸಂಚಿಕೆಯೊಂದನ್ನು ಓದುತ್ತಿದ್ದ. ಅದರಲ್ಲಿ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ ಬರೆದ ಒಂದು ಲೇಖನವಿತ್ತು. 'ಎ ಪ್ಯಾಸೇಜ್ ಟು ಇಂಡಿಯಾ' ಬರೆದ ಅದೇ ಫಾರ್ಸ್ಟರ್. ಲೇಖನ ಜಾರ್ಜ್ ಕ್ರ್ಯಾಬ್ ಎಂಬ ಹದಿನೆಂಟನೇ ಶತಮಾನದ ಕವಿಯನ್ನು ಕುರಿತದ್ದು. ಇಂಗ್ಲೆಂಡಿನ ಪೂರ್ವ ಕರಾವಳಿಯ ಆಲ್ಡ್‌ಬರಾ ಎಂಬ ಸಣ್ಣ ಊರಲ್ಲಿ ಹುಟ್ಟಿ, ಆ ಊರನ್ನು ಪ್ರೀತಿಸಲೂ ಆಗದೆ ಬಿಡಲೂ ಆಗದೆ ಅದರ ಬಗ್ಗೆಯೇ ಬರೆದ ಕವಿ ಅವನು.

ಓದುತ್ತಿದ್ದವನ ಹೆಸರು ಬೆಂಜಮಿನ್ ಬ್ರಿಟ್ಟನ್. ಅವನೂ ಅದೇ ಕರಾವಳಿಯವನು. ಆಲ್ಡ್‌ಬರಾದಿಂದ ಉತ್ತರಕ್ಕೆ ಸುಮಾರು 40 ಕಿ.ಮೀ. ದೂರದ ಲೋಸ್ಟಾಫ್ಟ್ ಎಂಬ ಕಡಲೂರಿನಲ್ಲಿ ಹಲ್ಲಿನ ವೈದ್ಯನೊಬ್ಬನ ಮಗನಾಗಿ 1913ರಲ್ಲಿ ಹುಟ್ಟಿದವನು. ಆ ಲೇಖನ ಓದಿದಾಗಲೇ ತಾನು ಎಲ್ಲಿಗೆ ಸೇರಿದವನು ಎನ್ನುವುದು ತನಗೆ ಹೊಳೆಯಿತೆಂದು ಅವನು ಮುಂದೆ ಹೇಳಿಕೊಂಡ. ಊರಿನ ನೆನಪು ಅಟ್ಟಿಸಿಕೊಂಡು ಬಂದವನು 1942ರ ವಸಂತದಲ್ಲಿ, ಜಲಾಂತರ್ಗಾಮಿಗಳು ಬೇಟೆಯಾಡುತ್ತಿದ್ದ ಅಟ್ಲಾಂಟಿಕ್ ಸಾಗರವನ್ನು ಹಡಗಿನಲ್ಲಿ ದಾಟಿ ಇಂಗ್ಲೆಂಡಿಗೆ ಮರಳಿದ.

ಆರು ವರ್ಷದ ನಂತರ, 1948ರ ಜೂನ್ 5ರಂದು, ಅದೇ ಆಲ್ಡ್‌ಬರಾದಲ್ಲಿ ಒಂದು ಸಂಗೀತೋತ್ಸವ ಶುರುವಾಯಿತು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಹೆಸರಾಂತ ಬೇಸಿಗೆ ಉತ್ಸವಗಳಲ್ಲಿ ಅದು ಇಂದಿಗೂ ಒಂದು. ಅದರ ಇತಿಹಾಸವನ್ನು ಸಾಮಾನ್ಯವಾಗಿ ಒಬ್ಬ ಮಹಾ ಕಲಾವಿದನ ಸಾಧನೆಯ ಕಥೆಯಾಗಿ ಹೇಳುತ್ತಾರೆ. ಆದರೆ ಅದರ ಬೇರಿನಲ್ಲಿರುವುದು ಬಹಿಷ್ಕಾರದ ಕಥೆ. ಊರೆಂದರೆ ಯಾರು, ಹೊರಗಿನವರೆಂದರೆ ಯಾರು ಎಂಬ ಪ್ರಶ್ನೆಗೆ ಈ ಉತ್ಸವ ಮೊದಲಿನಿಂದಲೂ ಉತ್ತರ ಹುಡುಕುತ್ತ ಬಂದಿದೆ. ಕೆಲವೊಮ್ಮೆ ತಾನೇ ತಪ್ಪು ಉತ್ತರವನ್ನೂ ಕೊಟ್ಟಿದೆ.

ಕಡಲು ತಿನ್ನುವ ಊರು

ಆಲ್ಡ್‌ಬರಾ ಲಂಡನ್ನಿನಿಂದ ಈಶಾನ್ಯಕ್ಕೆ ಸುಮಾರು 150 ಕಿ.ಮೀ. ದೂರದಲ್ಲಿ, ಸಫೋಕ್ ಪ್ರಾಂತದ ಅಂಚಿನಲ್ಲಿದೆ. ನಮ್ಮ ಕರಾವಳಿಯ ಹಾಗೆ ಅಲ್ಲಿ ಮರಳಿಲ್ಲ. ಉದ್ದಕ್ಕೂ ಉರುಟು ಕಲ್ಲುಗಳ ದಂಡೆ. ಅಲೆ ಹಿಂದಕ್ಕೆ ಸರಿದಾಗಲೆಲ್ಲ ಕಲ್ಲುಗಳು ಒಂದಕ್ಕೊಂದು ಉಜ್ಜಿ ಸದ್ದು ಮಾಡುತ್ತವೆ. ಎದುರಿಗೆ ಬೂದುಬಣ್ಣದ ಉತ್ತರ ಸಮುದ್ರ. ಆ ಸಮುದ್ರ ಶತಮಾನಗಳಿಂದ ಊರನ್ನು ತಿನ್ನುತ್ತ ಬಂದಿದೆ. ಹದಿನಾರನೇ ಶತಮಾನದಲ್ಲಿ ಕಟ್ಟಿದ ಊರಿನ ಸಭಾಭವನ ಒಂದು ಕಾಲಕ್ಕೆ ಊರಿನ ನಡುವೆ ಇತ್ತು. ಈಗ ಅದು ಕಡಲಿಗೆ ಮುಖ ಮಾಡಿ ದಂಡೆಯ ಮೇಲೆಯೇ ನಿಂತಂತಿದೆ. ಪಕ್ಕದ ಸ್ಲಾಟನ್ ಎಂಬ ಹಳ್ಳಿಯಂತೂ ನೀರಿನಲ್ಲಿ ಹೋಗಿಯೇಬಿಟ್ಟಿತು.

1754ರಲ್ಲಿ ಇಲ್ಲಿ ಹುಟ್ಟಿದ ಕ್ರ್ಯಾಬ್ ಆ ಸ್ಲಾಟನ್ನಿನ ಹಡಗುಕಟ್ಟೆಯಲ್ಲಿ ಸರಕು ಹೊತ್ತು ದುಡಿದವನು. ಔಷಧಿ ಅಂಗಡಿಯಲ್ಲಿ ಕೆಲಸ ಕಲಿತ, ಲಂಡನ್ನಿಗೆ ಹೋದ, ಪಾದ್ರಿಯಾಗಿ ಊರಿಗೆ ಮರಳಿದ. ನಿನ್ನೆಯ ಕೂಲಿ ಹುಡುಗ ಇಂದು ಗುರುಪೀಠದಲ್ಲಿ ನಿಂತು ಉಪದೇಶ ಮಾಡುವುದನ್ನು ಊರವರು ಒಪ್ಪಲಿಲ್ಲ. ಮತ್ತೆ ಊರು ಬಿಟ್ಟವನು 1810ರಲ್ಲಿ 'ದಿ ಬರೋ' ಎಂಬ ದೀರ್ಘ ಕಾವ್ಯ ಪ್ರಕಟಿಸಿದ. ಪತ್ರಗಳ ರೂಪದಲ್ಲಿರುವ ಆ ಕಾವ್ಯದಲ್ಲಿ ಒಂದು ಕಡಲೂರಿನ ಬಡವರು, ವಕೀಲರು, ವೈದ್ಯರು, ಅನಾಥಾಲಯಗಳೆಲ್ಲ ಬರುತ್ತವೆ. ಅದರ ಒಂದು ಪತ್ರ ಪೀಟರ್ ಗ್ರೈಮ್ಸ್ ಎಂಬ ಮೀನುಗಾರನದು. ಅನಾಥ ಹುಡುಗರನ್ನು ಕೆಲಸಕ್ಕೆಂದು ತಂದಿಟ್ಟುಕೊಂಡು ಹಿಂಸಿಸುವವನು. ಒಬ್ಬರಾದ ಮೇಲೊಬ್ಬರಂತೆ ಮೂವರು ಹುಡುಗರು ಅವನ ಬಳಿ ಸಾಯುತ್ತಾರೆ. ಕೊನೆಗೆ ಅವನು ಹುಚ್ಚು ಹಿಡಿದು ಸಾಯುತ್ತಾನೆ.

ಕ್ರ್ಯಾಬ್‌ನ ಗ್ರೈಮ್ಸ್ ದುಷ್ಟ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬ್ರಿಟ್ಟನ್ ಅವನನ್ನು ಬೇರೆ ರೀತಿ ಕಂಡ. ಅವನ ಒಪೆರಾದ ಗ್ರೈಮ್ಸ್ ಒರಟ, ಮುಂಗೋಪಿ, ಆದರೆ ಕನಸುಗಾರ. ಕೈಕೆಳಗಿನ ಹುಡುಗನೊಬ್ಬ ಕಡಲಿನಲ್ಲಿ ಸತ್ತಿದ್ದಾನೆ. ಅದು ಅಪಘಾತವೆಂದು ವಿಚಾರಣೆಯಲ್ಲಿ ತೀರ್ಮಾನವಾದರೂ ಊರು ನಂಬುವುದಿಲ್ಲ. ಪಿಸುಮಾತು ಗುಂಪಿನ ಕೂಗಾಗುತ್ತದೆ. ಎರಡನೆಯ ಹುಡುಗ ಬಂಡೆಯಿಂದ ಜಾರಿ ಸಾಯುವುದಕ್ಕೆ ಒಂದು ಪಾಲು ಕಾರಣ ಗ್ರೈಮ್ಸ್‌ನ ಒರಟುತನ, ಇನ್ನೊಂದು ಪಾಲು ಬಾಗಿಲಿಗೆ ಬಂದ ಆ ಗುಂಪಿನ ಭಯ. ಕೊನೆಗೆ ಅವನ ಹಿತ ಬಯಸಿದವನೇ, ದೋಣಿಯನ್ನು ಕಡಲ ನಡುವೆ ಒಯ್ದು ಮುಳುಗಿಸಿಕೊ ಎಂದು ಅವನಿಗೆ ಹೇಳುತ್ತಾನೆ. ಮರುದಿನ ಬೆಳಗಾಗುತ್ತದೆ. ದೂರದಲ್ಲಿ ದೋಣಿಯೊಂದು ಮುಳುಗುತ್ತಿದೆ ಎಂಬ ಸುದ್ದಿ ಬರುತ್ತದೆ. ಊರು ಎಂದಿನಂತೆ ಅಂಗಡಿ ತೆರೆದು ಕೆಲಸಕ್ಕೆ ತೊಡಗುತ್ತದೆ.

ಊರೊಂದು ಒಬ್ಬನನ್ನು ಹೊರಗಿಡುವ ಬಗೆ ಕನ್ನಡ ಓದುಗರಿಗೆ ಹೊಸದಲ್ಲ. 'ಚೋಮನ ದುಡಿ' ಓದಿದವರು ನಾವು. ಅಲ್ಲಿ ಹೊರಗಿಡುವುದು ಜಾತಿ, ಇಲ್ಲಿ ಅನುಮಾನ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ಹೊರಗಿಟ್ಟವನ ಒಳಗಿನದನ್ನು ಕೇಳಲು ಸಂಗೀತವೇ ಬೇಕಾಯಿತು ಎನ್ನುವುದು ಎರಡೂ ಕಡೆ ನಿಜ.

ಬ್ರಿಟ್ಟನ್‌ಗೆ ಗ್ರೈಮ್ಸ್ ಯಾಕೆ ಹತ್ತಿರವಾದ? ಇದಕ್ಕೆ ದೂರ ಹುಡುಕಬೇಕಿಲ್ಲ. ಅವನು ಯುದ್ಧವಿರೋಧಿ. 1939ರಲ್ಲಿ ದೇಶ ಬಿಟ್ಟು ಅಮೆರಿಕಕ್ಕೆ ಹೋದವನೆಂದು ಪತ್ರಿಕೆಗಳು ಹೀಯಾಳಿಸಿದ್ದವು. ಮರಳಿ ಬಂದಮೇಲೆ ಆಯುಧ ಹಿಡಿಯಲಾರೆನೆಂದು ಸರ್ಕಾರದ ಮುಂದೆ ವಾದಿಸಿ ವಿನಾಯಿತಿ ಪಡೆದಿದ್ದ. ಮತ್ತೊಂದು ಕಾರಣ, ಅವನ ಬದುಕಿನ ಸಂಗಾತಿ ಟೆನರ್ ಗಾಯಕ ಪೀಟರ್ ಪಿಯರ್ಸ್. ಗಂಡಸರಿಬ್ಬರ ಪ್ರೇಮ ಆಗಿನ ಇಂಗ್ಲೆಂಡಿನಲ್ಲಿ ಜೈಲು ಶಿಕ್ಷೆಗೆ ಗುರಿಯಾಗಬಹುದಾದ ಅಪರಾಧ. ನಮ್ಮ ದಂಡಸಂಹಿತೆಯ 377ನೇ ಕಲಮನ್ನು ವಸಾಹತು ಕಾಲದಲ್ಲಿ ಬರೆದಿಟ್ಟು ಹೋದವರ ದೇಶವಲ್ಲವೇ ಅದು. ಅಮೆರಿಕದ ವಾದ್ಯವೃಂದ ನಿರ್ದೇಶಕ ಕೂಸೆವಿಟ್ಸ್ಕಿ ತನ್ನ ಹೆಂಡತಿಯ ನೆನಪಿಗೆಂದು ಕೊಡಿಸಿದ 1000 ಡಾಲರ್ ನೆರವಿನಿಂದ ಬ್ರಿಟ್ಟನ್ ಈ ಒಪೆರಾ ಬರೆದ. 1945ರ ಜೂನ್ 7ರಂದು, ಯುರೋಪಿನ ಯುದ್ಧ ಮುಗಿದು ಒಂದು ತಿಂಗಳಾಗುವಷ್ಟರಲ್ಲಿ, ಅದು ಲಂಡನ್ನಿನ ಸ್ಯಾಡ್ಲರ್ಸ್ ವೆಲ್ಸ್ ರಂಗಮಂದಿರದಲ್ಲಿ ಮೊದಲ ಸಲ ಪ್ರದರ್ಶನವಾಯಿತು. ಗ್ರೈಮ್ಸ್‌ನ ಪಾತ್ರ ಹಾಡಿದವನು ಪಿಯರ್ಸ್. ಇಂಗ್ಲಿಷ್ ಒಪೆರಾಕ್ಕೆ ಹೊಸ ಹುಟ್ಟು ಸಿಕ್ಕಿತೆಂದು ಜನ ಸಂಭ್ರಮಿಸಿದರು.

ದಾರಿಯಲ್ಲಿ ಹುಟ್ಟಿದ ಮಾತು

ಸಂಭ್ರಮದ ಹಿಂದೆಯೇ ಜಗಳವೂ ಬಂತು. ಸ್ಯಾಡ್ಲರ್ಸ್ ವೆಲ್ಸ್ ತಂಡದ ಗಾಯಕರಲ್ಲೇ ಹಲವರು ಈ ಹೊಸ ಸಂಗೀತವನ್ನು ವಿರೋಧಿಸಿದ್ದರು. ಬ್ರಿಟ್ಟನ್ ಮತ್ತು ಗೆಳೆಯರು ಅಲ್ಲಿಂದ ಹೊರಬಿದ್ದು, ಗ್ಲೈನ್‌ಬೋರ್ನ್ ಎಂಬಲ್ಲಿ ಶ್ರೀಮಂತನೊಬ್ಬ ನಡೆಸುತ್ತಿದ್ದ ಒಪೆರಾ ಭವನಕ್ಕೆ ಹೋದರು. ಅಲ್ಲಿಯ ಯಜಮಾನನಿಗೂ ಇವರ ಕೆಲಸ ಹಿಡಿಸಲಿಲ್ಲ. 1947ರಲ್ಲಿ ತಮ್ಮದೇ 'ಇಂಗ್ಲಿಷ್ ಒಪೆರಾ ಗ್ರೂಪ್' ಕಟ್ಟಿಕೊಂಡರು. ದೊಡ್ಡ ವಾದ್ಯವೃಂದಕ್ಕೆ ದುಡ್ಡಿಲ್ಲದ್ದರಿಂದ ಹನ್ನೆರಡು ಹದಿಮೂರು ವಾದ್ಯಗಾರರಿಗೆಂದೇ ಬರೆದ ಸಣ್ಣ ಒಪೆರಾಗಳು ಇವರವು.

ಆ ವರ್ಷದ ಆಗಸ್ಟಿನಲ್ಲಿ ತಂಡ ಸ್ವಿಟ್ಜರ್ಲೆಂಡಿನ ಲೂಸರ್ನ್ ಉತ್ಸವಕ್ಕೆ ಹೊರಟಿತ್ತು. ರಂಗಸಜ್ಜಿಕೆ, ಉಡುಪು, ವಾದ್ಯ ಎಲ್ಲವನ್ನೂ ದೇಶದೇಶ ದಾಟಿಸಿ ಒಯ್ಯುವ ಖರ್ಚು ಎಷ್ಟೆಂದರೆ, ಜನ ತುಂಬಿದರೂ ನಷ್ಟ ತಪ್ಪದು. ನಮ್ಮ ಒಪೆರಾಗಳನ್ನು ಆಡಲು ನಾವು ಪರದೇಶಕ್ಕೆ ಹೋಗಬೇಕೇ ಎಂಬ ಕೊರಗು ಕಾರಿನಲ್ಲಿ ಕೂತವರ ನಡುವೆ ಎದ್ದಿತು. ಆಗ ಪಿಯರ್ಸ್ ಒಂದು ಮಾತು ತೆಗೆದ: ನಮ್ಮದೇ ಒಂದು ಉತ್ಸವವನ್ನು ಆಲ್ಡ್‌ಬರಾದಲ್ಲಿ ಯಾಕೆ ಮಾಡಬಾರದು? ಗೆಳೆಯರೇ ಹಾಡಲಿ, ಗೆಳೆಯರೇ ನುಡಿಸಲಿ. ನಿರ್ದೇಶಕ ಎರಿಕ್ ಕ್ರೋಜಿಯರ್ ಆ ಕಾರಿನಲ್ಲಿದ್ದ ಮೂರನೆಯವನು. ಬ್ರಿಟ್ಟನ್ ಆ ಹೊತ್ತಿಗೆ ಆಲ್ಡ್‌ಬರಾದಲ್ಲಿ ಕಡಲಿಗೆ ಮುಖ ಮಾಡಿದ ಮನೆಯೊಂದಕ್ಕೆ ಬಿಡಾರ ಬದಲಿಸಿದ್ದ. ಮನೆಯಿದ್ದ ಬೀದಿಯ ಹೆಸರು ಕ್ರ್ಯಾಬ್ ಬೀದಿ! ಬದುಕಿದ್ದಾಗ ಬೇಡವಾದ ಕವಿಯನ್ನು ಊರು ಕೊನೆಗೆ ಬೀದಿಯ ಹೆಸರಿನಲ್ಲಿ ಒಳಗೆ ಕರೆದುಕೊಂಡಿತ್ತು.

ನಮ್ಮಲ್ಲಿ ಬೇಸಿಗೆಯ ಸಂಗೀತೋತ್ಸವ ಎಂದರೆ ರಾಮನವಮಿಯ ಚಪ್ಪರ, ಪಾನಕ, ಕೋಸಂಬರಿ, ಸೆಖೆಯ ಸಂಜೆಯ ಕಚೇರಿ. ಬಡಾವಣೆಯ ಜನ ಚಂದಾ ಎತ್ತುತ್ತಾರೆ, ಚಪ್ಪರ ಹಾಕುತ್ತಾರೆ, ವಿದ್ವಾಂಸರನ್ನು ಕರೆಸುತ್ತಾರೆ. ಆಲ್ಡ್‌ಬರಾದಲ್ಲೂ ಆದದ್ದು ಸ್ವಲ್ಪ ಹಾಗೆಯೇ. ಊರಿನವರ ಸಭೆ ಕರೆದರು, ಸಮಿತಿ ಮಾಡಿದರು. ಕ್ರ್ಯಾನ್‌ಬ್ರೂಕ್ ಜಹಗೀರಿನ ಕೌಂಟೆಸ್ ಅಧ್ಯಕ್ಷೆಯಾದಳು. ಟಿಕೆಟ್ ಮಾರಾಟ, ದೇಣಿಗೆ, ಸರ್ಕಾರದ ಕಲಾ ಮಂಡಳಿಯ ಸಣ್ಣ ನೆರವು, ಇಷ್ಟೇ ಬಂಡವಾಳ. ದೊಡ್ಡ ಸಭಾಂಗಣ ಇರಲಿಲ್ಲ. ಇದ್ದದ್ದು ಇಗರ್ಜಿ ಮತ್ತು ರಾಣಿ ವಿಕ್ಟೋರಿಯಾಳ ಪಟ್ಟದ ಸುವರ್ಣ ಮಹೋತ್ಸವಕ್ಕೆಂದು ಕಟ್ಟಿದ, ಮುನ್ನೂರರ ಆಸುಪಾಸು ಜನ ಹಿಡಿಸುವ ಜುಬಿಲಿ ಹಾಲ್. ಅದರ ಗೋಡೆಗೂ ಕಡಲಿಗೂ ನಡುವೆ ಕಲ್ಲಿನ ದಂಡೆಯಷ್ಟೇ.

ಮೊದಲ ಉತ್ಸವ ಒಂಬತ್ತು ದಿನದ್ದು. ಮೊದಲ ದಿನ ಇಗರ್ಜಿಯಲ್ಲಿ ಬ್ರಿಟ್ಟನ್‌ನ 'ಸೇಂಟ್ ನಿಕೊಲಾಸ್' ಹಾಡಿದರು. ಫಾರ್ಸ್ಟರ್ ಬಂದು ಕ್ರ್ಯಾಬ್ ಮತ್ತು ಪೀಟರ್ ಗ್ರೈಮ್ಸ್ ಬಗ್ಗೆ ಉಪನ್ಯಾಸ ಕೊಟ್ಟ. ಏಳು ವರ್ಷದ ಹಿಂದೆ ಅವನು ಬರೆದ ಲೇಖನ ಸುತ್ತಿ ಬಳಸಿ ಇಷ್ಟು ದೂರ ಬಂದಿತ್ತು. ಜುಬಿಲಿ ಹಾಲಿನಲ್ಲಿ ಆಡಿದ ಒಪೆರಾ 'ಪೀಟರ್ ಗ್ರೈಮ್ಸ್' ಅಲ್ಲ. ಅಷ್ಟು ದೊಡ್ಡ ಕೃತಿ ಆ ಕಟ್ಟಡದಲ್ಲಿ ಹಿಡಿಸುವಂತೆಯೇ ಇರಲಿಲ್ಲ. ಆಡಿದ್ದು 'ಆಲ್ಬರ್ಟ್ ಹೆರಿಂಗ್'.

ಈ ಆಯ್ಕೆ ಗಮನಿಸಬೇಕಾದ್ದು. ಮೋಪಾಸಾನ ಫ್ರೆಂಚ್ ಕಥೆಯೊಂದನ್ನು ಸಫೋಕ್‌ನ ಕಲ್ಪಿತ ಊರಿಗೆ ತಂದು ಕ್ರೋಜಿಯರ್ ಬರೆದ ಹಾಸ್ಯ ಒಪೆರಾ ಅದು. ಊರಿನ ದೊಡ್ಡವರು ಸೇರಿ ಮೇ ಹಬ್ಬದ ರಾಣಿಯನ್ನಾಗಿ ಶೀಲವಂತ ಹುಡುಗಿಯೊಬ್ಬಳನ್ನು ಆರಿಸಹೊರಡುತ್ತಾರೆ. ಯಾವ ಹುಡುಗಿಯೂ ಅವರ ಅಳತೆಗೆ ಸಾಲದೆ, ಕೊನೆಗೆ ಅಮ್ಮನ ಮಾತು ಮೀರದ ತರಕಾರಿ ಅಂಗಡಿಯ ಹುಡುಗ ಆಲ್ಬರ್ಟ್‌ನನ್ನೇ ರಾಜನನ್ನಾಗಿ ಮಾಡುತ್ತಾರೆ. ಅವನು ಬಹುಮಾನದ ಹಣ ಹಿಡಿದು ರಾತ್ರಿ ಊರು ಬಿಟ್ಟು ಮಾಯವಾಗುತ್ತಾನೆ. ಸತ್ತನೆಂದು ಊರೆಲ್ಲ ಗೋಳಾಡುತ್ತಿರುವಾಗ, ಕುಡಿದು ಕೆಸರಾಗಿ ನಗುತ್ತ ಮರಳುತ್ತಾನೆ. ಇದು ಗ್ರೈಮ್ಸ್‌ನ ಕಥೆಯ ತಿರುವುಮುರುವು. ಅಲ್ಲಿ ಊರಿನ ಅಳತೆಗೋಲು ಒಬ್ಬನನ್ನು ಕೊಂದಿತು, ಇಲ್ಲಿ ಆ ಅಳತೆಗೋಲನ್ನೇ ನೋಡಿ ನಗಬಹುದು. ಸಫೋಕ್‌ನ ಜನ ತಮ್ಮ ಊರಿನ ಸಭಾಂಗಣದಲ್ಲಿ ಕೂತು ತಮ್ಮ ಮಾತಿನ ಧಾಟಿಯನ್ನೇ ರಂಗದ ಮೇಲೆ ಕೇಳಿ ನಕ್ಕರು.

ವಿರಾಮದ ಹೊತ್ತಿನಲ್ಲಿ ಕಂಡದ್ದೊಂದನ್ನು ಫಾರ್ಸ್ಟರ್ ಬರೆದಿದ್ದಾನೆ. ಪಾನಶಾಲೆಯಲ್ಲಿ ಒಬ್ಬ ಹೇಳಿದನಂತೆ: ಊರಿನ ಕಾರ್ಯಕ್ರಮವಲ್ಲವೇ ಎಂದು ಮುಲಾಜಿಗೆ ಟಿಕೆಟ್ ತಗೊಂಡೆ, ಯಾರಾದರೂ ಆರು ಪೆನ್ಸ್ ಕೊಟ್ಟಿದ್ದರೂ ಮಾರಿಬಿಡುತ್ತಿದ್ದೆ, ಈಗ ಹತ್ತು ಪೌಂಡ್ ಕೊಟ್ಟರೂ ಕೊಡಲಾರೆ ಅಂತ. ಉತ್ಸವಗಳ ಇತಿಹಾಸದಲ್ಲಿ ಲೆಕ್ಕಪತ್ರ, ಕಲಾವಿದರ ಪಟ್ಟಿ ಸಿಗುತ್ತವೆ. ಕೇಳುಗನೊಬ್ಬ ಬದಲಾದ ಗಳಿಗೆ ಸಿಗುವುದು ಅಪರೂಪ.

ಚಹಾ ಬಟ್ಟಲಿನ ಮಳೆ

ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಈ ಉತ್ಸವದಲ್ಲಿ ಹುಟ್ಟಿದ ಕೃತಿಗಳನ್ನು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಊರಿನಲ್ಲಿ ಏನಿತ್ತೋ ಅದಕ್ಕೆ ತಕ್ಕಂತೆ ಸಂಗೀತ ಹುಟ್ಟಿತು. 1949ರಲ್ಲಿ ಬಂದ 'ದಿ ಲಿಟಲ್ ಸ್ವೀಪ್' ಮಕ್ಕಳ ಒಪೆರಾ. ಹೊಗೆಕೊಳವೆಯೊಳಗೆ ಇಳಿದು ಮಸಿ ಕೆರೆಯುವ ಕೆಲಸಕ್ಕೆ ಮಾರಲ್ಪಟ್ಟ ಹುಡುಗನೊಬ್ಬನನ್ನು ದೊಡ್ಡಮನೆಯ ಮಕ್ಕಳು ಬಚ್ಚಿಟ್ಟು ಉಳಿಸುತ್ತಾರೆ. ಗ್ರೈಮ್ಸ್‌ನ ಬಳಿ ಉಳಿಯದ ಹುಡುಗ ಇಲ್ಲಿ ಬದುಕುತ್ತಾನೆ. ಇದರಲ್ಲಿ ಪ್ರೇಕ್ಷಕರಿಗೂ ಹಾಡುಗಳಿವೆ. ಆಟ ಶುರುವಾಗುವ ಮೊದಲೇ ಅವರಿಗೆ ಹಾಡು ಕಲಿಸಿಕೊಡುತ್ತಾರೆ.

1953ರ ಜನವರಿ 31ರ ರಾತ್ರಿ ಉತ್ತರ ಸಮುದ್ರ ಉಕ್ಕಿತು. ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ 300ಕ್ಕೂ ಹೆಚ್ಚು ಜನ ಸತ್ತರು. ಆಲ್ಡ್‌ಬರಾದ ಬೀದಿಗಳಿಗೆ ನೀರು ನುಗ್ಗಿತು, ಬ್ರಿಟ್ಟನ್‌ನ ಮನೆಗೂ ನುಗ್ಗಿತು. ಐದು ವರ್ಷದ ಮೇಲೆ, 1958ರ ಜೂನ್ 18ರಂದು, ಹತ್ತಿರದ ಆರ್ಫರ್ಡ್ ಎಂಬ ಊರಿನ ಇಗರ್ಜಿಯಲ್ಲಿ ಅವನ 'ನೋಯಾಸ್ ಫ್ಲಡ್' ಪ್ರದರ್ಶನವಾಯಿತು. ಮಧ್ಯಯುಗದ ಚೆಸ್ಟರ್ ನಗರದ ಧಾರ್ಮಿಕ ನಾಟಕವೊಂದರ ಪಠ್ಯವನ್ನಿಟ್ಟುಕೊಂಡು ಬರೆದ, ನೋಹನ ಪ್ರಳಯದ ಕಥೆ. ಪ್ರಾಣಿಗಳಾಗಿ ಬಂದವರು ಸಫೋಕ್‌ನ ಶಾಲೆಗಳ ಮಕ್ಕಳು. ಪಿಟೀಲಿನ ಮೇಲೆ ತೆರೆದ ತಂತಿಗಳನ್ನಷ್ಟೇ ನುಡಿಸಬಲ್ಲ ಹೊಸ ಕಲಿಕೆಯ ಮಗುವಿಗೂ ಅದರಲ್ಲಿ ಒಂದು ಪಾಲಿದೆ. ಊರಿನ ಯುವಕರ ಕೈಗಂಟೆಗಳಿಗೆ ಒಂದು ಪಾಲು, ಬ್ಯೂಗಲ್ ಊದುವ ಹುಡುಗರಿಗೆ ಒಂದು ಪಾಲು. ನೆರೆದ ಭಕ್ತರೆಲ್ಲ ಎದ್ದು ನಿಂತು ಹಾಡುವ ಪ್ರಾರ್ಥನಾಗೀತೆಗಳಿವೆ. ಮೊದಲ ಮಳೆಹನಿಗಳ ಸದ್ದಿಗೆ ಬಳಸಿದ್ದು ದಾರಕ್ಕೆ ನೇತುಹಾಕಿದ ಚಹಾ ಬಟ್ಟಲುಗಳನ್ನು. ಮರದ ಚಮಚದಿಂದ ಬಡಿದರೆ ಟಪ್ ಟಪ್ ಎನ್ನುತ್ತದೆ.

ಆ ಬಟ್ಟಲುಗಳ ಉಪಾಯ ಹೇಳಿಕೊಟ್ಟವಳು ಇಮೊಜೆನ್ ಹೋಲ್ಸ್ಟ್. ಈಕೆಯ ಮೂಲಕ ಈ ಕಥೆಗೂ ನಮ್ಮ ದೇಶಕ್ಕೂ ಒಂದು ಎಳೆ ಕೂಡುತ್ತದೆ. ಇಮೊಜೆನ್‌ಳ ತಂದೆ 'ದಿ ಪ್ಲಾನೆಟ್ಸ್' ಬರೆದ ಸಂಗೀತಗಾರ ಗುಸ್ತಾವ್ ಹೋಲ್ಸ್ಟ್. ಅವನು ಸಂಸ್ಕೃತ ಕಲಿತು ಋಗ್ವೇದದ ಸೂಕ್ತಗಳನ್ನು ತಾನೇ ಅನುವಾದಿಸಿ ರಾಗ ಹಾಕಿದವನು. ಮಹಾಭಾರತದ ಸಾವಿತ್ರಿಯ ಕಥೆಯನ್ನು ಮೂರೇ ಪಾತ್ರಗಳ ಪುಟ್ಟ ಒಪೆರಾ ಮಾಡಿದವನು. ಮಗಳು 1950-51ರ ಚಳಿಗಾಲದಲ್ಲಿ ಶಾಂತಿನಿಕೇತನಕ್ಕೆ ಬಂದು ಇಲ್ಲಿಯ ಸಂಗೀತ ಕಲಿತು ಹೋದಳು. 1952ರಲ್ಲಿ ಆಲ್ಡ್‌ಬರಾಕ್ಕೆ ಬಂದು ಬ್ರಿಟ್ಟನ್‌ನ ಸಹಾಯಕಿಯಾದಳು. 1956ರಿಂದ ಎರಡು ದಶಕ ಉತ್ಸವದ ಕಲಾ ನಿರ್ದೇಶಕರಲ್ಲಿ ಒಬ್ಬಳಾಗಿದ್ದಳು. ಯುದ್ಧಕಾಲದಲ್ಲಿ ಹಳ್ಳಿಹಳ್ಳಿ ತಿರುಗಿ, ಸ್ವರಲಿಪಿ ಬಾರದ ಹೆಂಗಸರನ್ನೂ ಮಕ್ಕಳನ್ನೂ ಕಟ್ಟಿಕೊಂಡು ಸಂಗೀತ ಮಾಡಿಸಿದ ಅನುಭವ ಅವಳದು. ಚಹಾ ಬಟ್ಟಲುಗಳು ಬಂದದ್ದು ಆ ಅನುಭವದಿಂದಲೇ.

ಬ್ರಿಟ್ಟನ್ ಮತ್ತು ಪಿಯರ್ಸ್ ಕೂಡ 1955ರ ಕೊನೆಗೆ ಭಾರತದಲ್ಲಿ ಪ್ರಯಾಣ ಮಾಡಿದರು. ಮುಂದೆ ಬಾಲಿ, ಅಲ್ಲಿಂದ ಜಪಾನ್. ಟೋಕಿಯೊದಲ್ಲಿ ನೋಡಿದ 'ಸುಮಿದಗಾವ' ಎಂಬ ನೋ ನಾಟಕ ಬ್ರಿಟ್ಟನ್‌ನ ಮನಸ್ಸಿನಿಂದ ಹೋಗಲಿಲ್ಲ. ಕಳೆದುಹೋದ ಮಗನನ್ನು ಹುಡುಕುತ್ತ ಹುಚ್ಚಿಯಾದ ತಾಯಿ ನದಿಯ ದಡಕ್ಕೆ ಬರುತ್ತಾಳೆ. ದೋಣಿಯವನೂ ಪ್ರಯಾಣಿಕರೂ ಅವಳನ್ನು ಕಂಡು ನಗುತ್ತಾರೆ. ಆಚೆ ದಡದಲ್ಲಿರುವ ಹೊಸ ಗೋರಿ ಅವಳ ಮಗನದೇ ಎಂದು ತಿಳಿದಾಗ ನಗು ನಿಲ್ಲುತ್ತದೆ. ಇದನ್ನೇ ಬ್ರಿಟ್ಟನ್ ಪೂರ್ವ ಇಂಗ್ಲೆಂಡಿನ ಜೌಗುನೆಲಕ್ಕೆ ತಂದು, ಕ್ರೈಸ್ತ ಸನ್ಯಾಸಿಗಳು ಆಡುವ ಆಟವೆಂಬಂತೆ 'ಕರ್ಲ್ಯೂ ರಿವರ್' ಬರೆದ. 1964ರ ಜೂನ್‌ನಲ್ಲಿ ಆರ್ಫರ್ಡ್ ಇಗರ್ಜಿಯಲ್ಲಿ, ವಾದ್ಯವೃಂದಕ್ಕೆ ನಿರ್ದೇಶಕನೇ ಇಲ್ಲದೆ, ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತ ಕಲಾವಿದರು ಅದನ್ನು ನಡೆಸಿಕೊಟ್ಟರು. ಹುಚ್ಚಿಯ ಪಾತ್ರ ಪಿಯರ್ಸ್‌ನದು. ಇಲ್ಲಿಯೂ ಒಂದು ಗುಂಪಿದೆ, ಗುಂಪಿನ ಹೊರಗೆ ನಿಂತವಳಿದ್ದಾಳೆ. ಆದರೆ ಗ್ರೈಮ್ಸ್‌ನ ಊರು ಕೊನೆಗೂ ಮಾಡದ್ದನ್ನು ಈ ದೋಣಿಯ ಜನ ಮಾಡುತ್ತಾರೆ: ಅವಳ ಜೊತೆ ನಿಂತು ಹಾಡುತ್ತಾರೆ.

ಒಳಗಿನವರು ಎಳೆದ ಗೆರೆ

ಇಷ್ಟಕ್ಕೇ ನಿಲ್ಲಿಸಿದರೆ ಇದು ಸುಖಾಂತ್ಯದ ಕಥೆ. ಇತಿಹಾಸ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಹೊರಗಿನವನಾಗಿ ಬಂದ ಬ್ರಿಟ್ಟನ್ ನಿಧಾನವಾಗಿ ಊರಿನ ಯಜಮಾನನೇ ಆದ. ಅವನ ಸುತ್ತ ಒಂದು ಬಳಗ ಬೆಳೆಯಿತು. ಬಳಗಕ್ಕೆ ಬಾಗಿಲೂ ಇತ್ತು. ಕಾರಿನಲ್ಲಿ ಕೂತು ಉತ್ಸವದ ಕನಸು ಕಂಡ ಮೂವರಲ್ಲಿ ಒಬ್ಬನಾದ ಕ್ರೋಜಿಯರ್ ಕೆಲವೇ ವರ್ಷಗಳಲ್ಲಿ ಬಳಗದಿಂದ ದೂರವಾದ. ಹೀಗೆ ಕೈಬಿಟ್ಟ ಗೆಳೆಯರನ್ನು ಬ್ರಿಟ್ಟನ್ ತನ್ನ ಶವಗಳು ಎಂದು ಕರೆಯುತ್ತಿದ್ದನೆಂದೂ, ನೀನೂ ಒಂದು ದಿನ ಅವರಲ್ಲಿ ಒಬ್ಬನಾಗುವೆ ಎಂದು ತನಗೇ ಹೇಳಿದ್ದನೆಂದೂ ಅವನು ಮುಂದೆ ನೆನೆಸಿಕೊಂಡ. ರಾಣಿಯ ಹತ್ತಿರದ ಬಂಧು ಲಾರ್ಡ್ ಹೇರ್‌ವುಡ್ ಉತ್ಸವದ ಅಧ್ಯಕ್ಷನಾಗಿದ್ದವನು, ಆಪ್ತ ಗೆಳೆಯ. 1960ರ ದಶಕದಲ್ಲಿ ಅವನ ಮದುವೆ ಮುರಿದು ಬೇರೊಬ್ಬಳ ಜೊತೆ ಸಂಸಾರ ಹೂಡಿದಾಗ, ಅವನ ಮೊದಲ ಹೆಂಡತಿಯ ಗೆಳೆಯನೂ ಆಗಿದ್ದ ಬ್ರಿಟ್ಟನ್ ಮಾತು ಬಿಟ್ಟ. ಹೇರ್‌ವುಡ್ ಅಧ್ಯಕ್ಷ ಸ್ಥಾನ ಬಿಡಬೇಕಾಯಿತು. ಸಮಾಜದ ಶೀಲದ ಅಳತೆಗೋಲಿನಿಂದ ನೊಂದವನು, ಅದನ್ನು ನೋಡಿ ನಗುವ ಒಪೆರಾ ಬರೆದವನು, ಅದೇ ಅಳತೆಗೋಲನ್ನು ಗೆಳೆಯನ ಮೇಲೆ ಹಿಡಿದ. ಇದನ್ನು ಓದುವಾಗ ಸಿಟ್ಟಿಗಿಂತ ಹೆಚ್ಚಾಗಿ ಕಸಿವಿಸಿಯಾಗುತ್ತದೆ. ಹೊರಗಿಡುವುದು ಎಂಥದೆಂದು ಬಲ್ಲವನೂ ಹೊರಗಿಡಬಲ್ಲ.

ಹಾಗೆಂದು ಉತ್ಸವ ಅವನ ಅಭಿರುಚಿಗೆ ಪೂರಾ ಮುಚ್ಚಿಕೊಂಡಿತ್ತು ಎನ್ನಲೂ ಆಗದು. 1968ರಲ್ಲಿ ಹ್ಯಾರಿಸನ್ ಬರ್ಟ್‌ವಿಸಲ್ ಎಂಬ ಯುವ ಸಂಗೀತಗಾರನ 'ಪಂಚ್ ಅಂಡ್ ಜೂಡಿ' ಜುಬಿಲಿ ಹಾಲಿನಲ್ಲಿಯೇ ಮೊದಲ ಸಲ ಆಡಿದ್ದು. ಕರ್ಕಶ, ಹಿಂಸೆ ತುಂಬಿದ ಒಪೆರಾ. ಬ್ರಿಟ್ಟನ್ ನಡುವೆಯೇ ಎದ್ದು ಹೋದ ಎಂಬ ಮಾತಿದೆ. ಹೋಗಿರಲಿ ಬಿಡಲಿ, ತನಗೆ ಹಿಡಿಸದ ಸಂಗೀತಕ್ಕೂ ಅವನ ಉತ್ಸವ ಜಾಗ ಕೊಟ್ಟಿತ್ತು.

ಉತ್ಸವ ದೊಡ್ಡದಾದಂತೆ ಜುಬಿಲಿ ಹಾಲ್ ಸಾಲದಾಯಿತು. ಊರಿನಿಂದ ಕೆಲವೇ ಮೈಲಿ ಒಳನಾಡಿನ ಸ್ನೇಪ್ ಎಂಬಲ್ಲಿ, ಆಲ್ಡ್ ನದಿಯ ಜೊಂಡಿನ ಬಯಲಿನ ಅಂಚಿಗೆ, ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿ ಬಿಯರಿಗೆ ಮಾಲ್ಟ್ ಮಾಡುತ್ತಿದ್ದ ಹಳೆಯ ಕಾರ್ಖಾನೆಯೊಂದು 1965ರಲ್ಲಿ ಮುಚ್ಚಿತ್ತು. ಅದನ್ನು ಕಟ್ಟಿಸಿದವನು ಹತ್ತೊಂಬತ್ತನೇ ಶತಮಾನದ ವ್ಯಾಪಾರಿ ನ್ಯೂಸನ್ ಗ್ಯಾರೆಟ್. ಅವನ ಮಗಳು ಎಲಿಜಬೆತ್ ಗ್ಯಾರೆಟ್ ಆ್ಯಂಡರ್ಸನ್ ಇಂಗ್ಲೆಂಡಿನಲ್ಲಿ ವೈದ್ಯಕೀಯ ಅರ್ಹತೆ ಗಳಿಸಿದ ಮೊದಲ ಮಹಿಳೆಯರಲ್ಲಿ ಒಬ್ಬಳು. 1908ರಲ್ಲಿ ಇದೇ ಆಲ್ಡ್‌ಬರಾದ ಮೇಯರ್ ಆಗಿ, ಆ ದೇಶದ ಮೊದಲ ಮಹಿಳಾ ಮೇಯರ್ ಎನಿಸಿದವಳು. ಆ ಕಾರ್ಖಾನೆಯ ಇಟ್ಟಿಗೆ ಗೋಡೆಗಳನ್ನು ಉಳಿಸಿಕೊಂಡು, ಮರದ ಸೂರು ಹೊದಿಸಿ, 800ಕ್ಕೂ ಹೆಚ್ಚು ಜನ ಕೂರುವ ಸಂಗೀತ ಮಂದಿರ ಮಾಡಿದರು. ಒಳಗಿನ ನಾದದ ಗುಣಕ್ಕೆ ಅದು ಜಗತ್ತಿನಲ್ಲೇ ಹೆಸರಾಯಿತು.

1967ರ ಜೂನ್ 2ರಂದು ರಾಣಿ ಎರಡನೇ ಎಲಿಜಬೆತ್ ಬಂದು ಅದನ್ನು ಉದ್ಘಾಟಿಸಿದಳು. ಈ ದಿನಾಂಕದ ಪಕ್ಕದಲ್ಲಿ ಇನ್ನೊಂದು ದಿನಾಂಕ ಇಟ್ಟು ನೋಡಬೇಕು. ವಯಸ್ಕ ಗಂಡಸರಿಬ್ಬರ ಖಾಸಗಿ ಸಂಬಂಧ ಅಪರಾಧವಲ್ಲ ಎಂಬ ಕಾನೂನಿಗೆ ಅಂಕಿತ ಬಿದ್ದದ್ದು ಅದೇ ವರ್ಷದ ಜುಲೈ 27ರಂದು. ಅಂದರೆ ದೇಶದ ರಾಣಿ ಆ ಮಂದಿರದ ಬಾಗಿಲು ತೆರೆದ ದಿನ, ಅದನ್ನು ಕಟ್ಟಿದ ಇಬ್ಬರು ಒಂದೇ ಸೂರಿನಡಿ ಪ್ರೀತಿಸಿ ಬಾಳುತ್ತಿದ್ದುದು ಆಕೆಯ ಕಾನೂನಿನ ಕಣ್ಣಿಗೆ ಅಪರಾಧವಾಗಿತ್ತು. ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳುತ್ತಿರಲಿಲ್ಲ. ಗೌರವ ಮತ್ತು ಮೌನ ಎರಡೂ ಒಟ್ಟೊಟ್ಟಿಗೇ ನಡೆದವು.

ಎರಡೇ ವರ್ಷದಲ್ಲಿ, 1969ರ ಉತ್ಸವದ ಮೊದಲ ರಾತ್ರಿ, ಆ ಮಂದಿರ ಬೆಂಕಿಗೆ ಬಿತ್ತು. ಬೆಳಗಾಗುವ ಹೊತ್ತಿಗೆ ಉಳಿದದ್ದು ಕರಿಹಿಡಿದ ಗೋಡೆಗಳು. ಆದರೂ ಉತ್ಸವ ನಿಲ್ಲಲಿಲ್ಲ. ಮೊಜಾರ್ಟ್‌ನ 'ಇಡೊಮೆನಿಯೊ' ಒಪೆರಾವನ್ನು ಬ್ಲೈಬರಾ ಎಂಬ ಊರಿನ ಇಗರ್ಜಿಗೆ ಸಾಗಿಸಿದರು. ಮಂದಿರವಿಲ್ಲದ ಕಾಲದಲ್ಲಿ ಇಗರ್ಜಿಗಳಲ್ಲಿ ಸಂಗೀತ ಮಾಡಿ ರೂಢಿಯಾಗಿದ್ದ ಜನಕ್ಕೆ ಅದು ಹೊಸದಾಗಿರಲಿಲ್ಲ. ಮುಂದಿನ ಜೂನ್ ಹೊತ್ತಿಗೆ ಮಂದಿರ ಮತ್ತೆ ಎದ್ದು ನಿಂತಿತ್ತು, ರಾಣಿ ಮತ್ತೆ ಬಂದಳು.

1973ರಲ್ಲಿ ಅಲ್ಲಿಯೇ ಬ್ರಿಟ್ಟನ್‌ನ ಕೊನೆಯ ಒಪೆರಾ 'ಡೆತ್ ಇನ್ ವೆನಿಸ್' ಬಂತು. ಹೃದಯದ ಕಾಯಿಲೆಯಿಂದ ಸೊರಗಿದ್ದ ಅವನು ಮೊದಲ ಪ್ರದರ್ಶನಕ್ಕೆ ಬರಲಾಗಲಿಲ್ಲ. 1976ರ ಡಿಸೆಂಬರ್ 4ರಂದು ತೀರಿಕೊಂಡ. ರಾಣಿ ಸಂತಾಪ ಸಂದೇಶ ಕಳಿಸಿದ್ದು ಪಿಯರ್ಸ್‌ಗೆ. ಮೂರೂವರೆ ದಶಕದ ಮೌನ ಅಷ್ಟರಮಟ್ಟಿಗೆ ಸಡಿಲಾಯಿತು. ಆಲ್ಡ್‌ಬರಾದ ಇಗರ್ಜಿಯ ಅಂಗಳದಲ್ಲಿ ತೋಡಿದ ಗುಂಡಿಗೆ ಊರವರು ಸ್ನೇಪ್‌ನ ಜೌಗಿನಿಂದ ಜೊಂಡು ಕೊಯ್ದು ತಂದು ಒಳಗೆಲ್ಲ ಹಾಸಿದರು. 1986ರಲ್ಲಿ ಪಿಯರ್ಸ್‌ನನ್ನು ಅವನ ಪಕ್ಕದಲ್ಲೇ ಮಣ್ಣು ಮಾಡಿದರು. ಇಮೊಜೆನ್‌ಳ ಗೋರಿಯೂ ಅವರ ಹಿಂದೆಯೇ ಇದೆ.

ಮತ್ತೆ ದಂಡೆಗೆ

2003ರಲ್ಲಿ ಕಲಾವಿದೆ ಮ್ಯಾಗಿ ಹ್ಯಾಂಬ್ಲಿಂಗ್ ಆಲ್ಡ್‌ಬರಾದ ಕಲ್ಲುದಂಡೆಯ ಮೇಲೆ ಉಕ್ಕಿನ ದೊಡ್ಡ ಕಪ್ಪೆಚಿಪ್ಪೊಂದನ್ನು ನಿಲ್ಲಿಸಿದಳು. ಆಳಿಗೆ ಎರಡು ಪಟ್ಟಿಗೂ ಎತ್ತರ. ಅದರ ಅಂಚಿನಲ್ಲಿ 'ಪೀಟರ್ ಗ್ರೈಮ್ಸ್' ಒಪೆರಾದ ಸಾಲೊಂದನ್ನು ಆಕಾಶ ಕಾಣುವಂತೆ ಕೊರೆದಿದ್ದಾರೆ. ಊರಿನ ಒಂದು ಪಾಲು ಜನಕ್ಕೆ ಅದು ಹಿಡಿಸಲಿಲ್ಲ. ತೆಗೆಯಿರಿ ಎಂದು ಅರ್ಜಿ ಕೊಟ್ಟರು. ಅದರ ಮೇಲೆ ಮತ್ತೆ ಮತ್ತೆ ಬಣ್ಣ ಎರಚಿದ್ದೂ ಉಂಟು. ಕ್ರ್ಯಾಬ್‌ನ ಕಾಲದಿಂದಲೂ ಊರು ಮತ್ತು ಕಲೆಯ ನಡುವೆ ನಡೆದು ಬಂದ ಜಗಳದ ಮುಂದುವರಿಕೆ ಅದು. ಚಿಪ್ಪು ಇಂದಿಗೂ ಅಲ್ಲೇ ಇದೆ. ಮಕ್ಕಳು ಅದರ ಮೇಲೆ ಹತ್ತಿ ಆಡುತ್ತವೆ.

2013ರ ಜೂನ್‌ನಲ್ಲಿ, ಬ್ರಿಟ್ಟನ್ ಹುಟ್ಟಿದ ನೂರನೇ ವರ್ಷದ ನೆಪದಲ್ಲಿ, 'ಪೀಟರ್ ಗ್ರೈಮ್ಸ್' ಒಪೆರಾವನ್ನು ಆಲ್ಡ್‌ಬರಾದ ದಂಡೆಯ ಮೇಲೆಯೇ ಆಡಿದರು. ಜುಬಿಲಿ ಹಾಲಿನಲ್ಲಿ ಹಿಡಿಸದಿದ್ದ ಕೃತಿಗೆ ದಂಡೆಯಷ್ಟು ಉದ್ದದ ರಂಗ ಸಿಕ್ಕಿತು. ಉಪ್ಪುಗಾಳಿಗೆ ವಾದ್ಯಗಳು ತಾಳವೆಂದು ವಾದ್ಯಸಂಗೀತವನ್ನು ಮೊದಲೇ ಧ್ವನಿಮುದ್ರಿಸಿಕೊಂಡಿದ್ದರು; ಗಾಯಕರು ಮಾತ್ರ ಗಾಳಿಗೆ ಎದುರಾಗಿ ನಿಂತು ಹಾಡಿದರು. ಪ್ರೇಕ್ಷಕರು ಕಂಬಳಿ ಹೊದ್ದು ಕಲ್ಲುಗಳ ಮೇಲೆ ಕೂತಿದ್ದರು. ರಂಗಸಜ್ಜಿಕೆಯ ಬೆನ್ನಿಗಿದ್ದದ್ದು ನಿಜದ ಕಡಲು. ಬ್ರಿಟ್ಟನ್ ಈ ಒಪೆರಾದ ದೃಶ್ಯಗಳ ನಡುವೆ ಕಡಲನ್ನು ವಾದ್ಯಗಳಲ್ಲಿ ಬರೆದಿದ್ದಾನೆ: ಬೆಳಗಿನ ಕಡಲು, ಬಿರುಗಾಳಿಯ ಕಡಲು, ಬೆಳದಿಂಗಳ ಕಡಲು. ಆ ಮೂರು ಸಂಜೆ ಬರೆದ ಕಡಲೂ ಎದುರಿನ ಕಡಲೂ ಒಟ್ಟಿಗೆ ಕೇಳಿಸಿದವು.

ಆದರೆ ಕೂತು ಕೇಳಿದವರಲ್ಲಿ ಮೀನುಗಾರರು ಎಷ್ಟು ಜನ? ಇಂದು ಆಲ್ಡ್‌ಬರಾದಲ್ಲಿ ದೋಣಿ ಇಳಿಸುವವರು ಬೆರಳೆಣಿಕೆ. ದಂಡೆಯ ಕಪ್ಪು ಮರದ ಗುಡಿಸಲುಗಳಲ್ಲಿ ಅವರು ಹಿಡಿದ ಮೀನು ಮಾರುತ್ತಾರೆ. ಬೀದಿಯ ಚಂದದ ಮನೆಗಳಲ್ಲಿ ಹಲವು ಲಂಡನ್ನಿನ ಉಳ್ಳವರ ರಜಾಮನೆಗಳು, ಚಳಿಗಾಲದಲ್ಲಿ ದೀಪ ಕಾಣದವು. ಬಡ ಮೀನುಗಾರನೊಬ್ಬನ ಕಥೆಯಿಂದ ಹುಟ್ಟಿದ ಉತ್ಸವವೇ ಊರಿಗೆ ಹೆಸರು ತಂದು, ಆ ಹೆಸರಿಗೆ ಮನೆಗಳ ಬೆಲೆ ಏರಿ, ಮೀನುಗಾರರ ಮಕ್ಕಳು ಅಲ್ಲಿ ಮನೆ ಕೊಳ್ಳಲಾರದಂತಾಗಿದ್ದರೆ, ಅದಕ್ಕೆ ಉತ್ಸವವೊಂದನ್ನೇ ದೂರುವುದು ನ್ಯಾಯವಲ್ಲ. ದೂರದೆ ಬಿಡುವುದೂ ಪೂರ್ತಿ ನಿಜವಾಗುವುದಿಲ್ಲ. ಈಗ ಹೊರಗಿರುವವರು ಯಾರು ಎಂದು ಗ್ರೈಮ್ಸ್‌ನ ಕಥೆ ಆ ಊರನ್ನು ಇಂದಿಗೂ ಕೇಳುತ್ತಿದೆ.

ನನಗಂತೂ ಈ ಇತಿಹಾಸದಲ್ಲಿ ಉಳಿಯುವ ಚಿತ್ರ ಸ್ನೇಪ್‌ನ ಭವ್ಯ ಮಂದಿರದ್ದಲ್ಲ. ಆರ್ಫರ್ಡ್ ಇಗರ್ಜಿಯಲ್ಲಿ ನಿಂತು, ದಾರಕ್ಕೆ ಕಟ್ಟಿದ ಚಹಾ ಬಟ್ಟಲನ್ನು ತನ್ನ ಸರದಿ ಬಂದಾಗ ಬಡಿಯಲು ಕಾಯುತ್ತಿರುವ ಮಗುವಿನದು. ಸಂಗೀತ ಬಾರದ ಆ ಮಗುವಿಗೂ ಒಂದು ಪಾಲು ಬರೆದಿಟ್ಟಿದ್ದಾರೆ. ಅದು ಬಡಿಯದಿದ್ದರೆ ಮಳೆ ಶುರುವಾಗುವುದಿಲ್ಲ.